ಗಂಟು ಕಟ್ಟುವ ಮೊದಲು

ನಮ್ಮ ಸೊಸೆಗೆ ಫೋನಿನ ಗಂಟೆ ಕೇಳಿದರೆ ಮೈ ಉರಿಯುತ್ತದೆ. ಮನೆಯಲ್ಲಿ ಯಾರ ಫೋನು ಹೊಡೆದುಕೊಂಡರೂ, "ಅತ್ತೆ, ನೀವೇ ನೋಡಿ" ಎಂದು ಒಳಗೆ ಹೋಗಿಬಿಡುತ್ತಾಳೆ. ನೋಡಿದವರು ಎಂಥ ಜಂಬದವಳಪ್ಪಾ ಅಂದುಕೊಳ್ಳಬೇಕು. ಜಂಬವಲ್ಲ. ನಾಲ್ಕು ವರ್ಷ ಒಂದು ಆಫೀಸಿನ ಬಾಗಿಲ ಪಕ್ಕ ಕೂತು, ಬೇರೆಯವರಿಗೆ ಬಂದ ಫೋನು ಎತ್ತಿ ಎತ್ತಿ ಅವಳ ಕಿವಿ ಸೋತಿದೆ. ಆ ಕುರ್ಚಿಯಿಂದ ಎದ್ದು ಬರಲು ಅವಳು ಪಟ್ಟ ಪಾಡು ನನಗೆ ಗೊತ್ತು. ಒಂದು ಸಲ ಮತ್ತೆ ಅಲ್ಲಿಗೇ ಹೋಗಿ ಕೂರುವ ಹಾಗೆ ಆಗಿತ್ತು. ಆ ವಾರದಲ್ಲಿ ಅವಳನ್ನು ನಾನು ಹತ್ತಿರದಿಂದ ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಫೀಸು ಅಂದರೆ ದೊಡ್ಡದೇನಲ್ಲ, ಕನ್ನಡಕದ ಅಂಗಡಿಯ ಮೇಲಿನ ಉದ್ದದ ಕೋಣೆ. ಹತ್ತುವ ಮೆಟ್ಟಿಲುಗಳಲ್ಲಿ ಏಳನೆಯದು ಮಾತ್ರ ಉಳಿದವಕ್ಕಿಂತ ಎರಡು ಬೆರಳು ಎತ್ತರ. ಹೊಸಬರು ಅಲ್ಲಿ ಎಡವದೆ ಬರುವುದಿಲ್ಲ. ಒಳಗೆ ಐದು ಮೇಜು. ನಡೆಸುವವರನ್ನು ಎಲ್ಲರೂ ಮೇಡಂ ಅನ್ನುತ್ತಾರೆ, ಅವರ ದನಿ ಕೆಳಗಿನ ಅಂಗಡಿಗೂ ಕೇಳುತ್ತದೆ. ಅವರ ಕೆಳಗೆ ಒಬ್ಬ ಹಿರಿಯ ಪ್ರೋಗ್ರಾಮರ್. ಕಂಡವರ ತಪ್ಪನ್ನೆಲ್ಲ ತಿದ್ದುವ ಚಟ ಇರುವುದರಿಂದ ಹಿಂದಿನಿಂದ ಎಲ್ಲರೂ ಅವರಿಗೆ ಹೆಡ್‌ಮಾಸ್ಟರ್ ಅನ್ನುತ್ತಾರೆ. ಎದುರಿಗೆ ಸಾರ್. ಆ ಆಫೀಸಿನವರು ಮಾಡುವುದು ಆಸ್ಪತ್ರೆಗಳ ಕೆಲಸ. ಕಿಡ್ನಿ ಕೆಟ್ಟವರು ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಲ್ಲ, ಯಾರು ಯಾವ ಯಂತ್ರಕ್ಕೆ ಎಷ್ಟು ಹೊತ್ತಿಗೆ ಎಂದು ಇವರ ಪ್ರೋಗ್ರಾಮು ಗೊತ್ತು ಮಾಡುತ್ತದೆ. ಹೊತ್ತು ಬದಲಾದರೆ ರೋಗಿಯ ಫೋನಿಗೆ ಸಂದೇಶ ಹೋಗುತ್ತದೆ. ಅದನ್ನು ಬರೆದಿರುವ ಭಾಷೆಗೆ ಪಿಎಚ್‌ಪಿ ಎಂದು ಹೆಸರು. ನನಗೆ ಅದರ ಒಂದಕ್ಷರ ಬರದಿದ್ದರೂ ಎಂಟು ವರ್ಷದಿಂದ ಊಟದ ಹೊತ್ತಿಗೆ ಅದರ ಸಮಾಚಾರ ಕೇಳಿದ್ದೇನೆ.

ಸೊಸೆ ಅದನ್ನು ಕಲಿತದ್ದು ಒಂದು ಫೋನಿಗೂ ಇನ್ನೊಂದು ಫೋನಿಗೂ ನಡುವೆ ಸಿಕ್ಕ ಬಿಡುವಿನಲ್ಲಿ. ಹೆಡ್‌ಮಾಸ್ಟರ್ ನಗುತ್ತಿದ್ದರಂತೆ: "ಏನಮ್ಮಾ, ಫೋನೆತ್ತೋದ್ರಲ್ಲಿ ಡಿಗ್ರಿ ಆಯ್ತು, ಈಗ ಇದಾ?" ಒಂದು ದಿನ ಅವರು ಬರೆದದ್ದರಲ್ಲೇ ಇವಳು ಒಂದು ತಪ್ಪು ಹುಡುಕಿ ತೋರಿಸಿದಳು. ಮೇಡಂ ಅವಳಿಗೆ ಕಿಟಕಿ ಪಕ್ಕದ ಮೇಜು ಕೊಟ್ಟರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಆಮೇಲೆ ಯಾರೂ ನಿಲ್ಲಲಿಲ್ಲ. ಬಂದವರು ಬಂದ ಹಾಗೇ ಬಿಟ್ಟು ಹೋದರು.

ನನ್ನ ಕೆಲಸದ ಮಾತೂ ಇಲ್ಲಿ ಸ್ವಲ್ಪ ಹೇಳಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಆಪರೇಷನ್ನಿನ ಸಾಮಾನು ಜೋಡಿಸುವ ಕೋಣೆಯಲ್ಲಿ. ಡಾಕ್ಟರು ಕತ್ತರಿ ಹುಡುಕಿಕೊಂಡು ಬರುವುದಿಲ್ಲ. ಕೈ ಚಾಚುತ್ತಾರೆ, ಕತ್ತರಿ ಕೈಗೆ ಬರುತ್ತದೆ. ಯಾವ ಆಪರೇಷನ್ನಿಗೆ ಯಾವ ಟ್ರೇ, ಟ್ರೇಯಲ್ಲಿ ಏನೇನು ಎಂದು ಒಂದು ಪಟ್ಟಿ ಗೋಡೆಯ ಮೇಲಿರುತ್ತದೆ. ಅದರ ಪ್ರಕಾರ ನಾವು ಜೋಡಿಸಬೇಕು. ಒಮ್ಮೆ ಸೊಸೆ ಹೇಳಿದಳು:

"ಅತ್ತೆ, ನಮ್ಮ ಪ್ರೋಗ್ರಾಮಿನಲ್ಲೂ ಹಾಗೇ. ಸಂದೇಶ ಬರೆಯೋ ಭಾಗ, ಅದನ್ನ ಕಳಿಸೋ ಭಾಗವನ್ನ ತಾನೇ ಹುಡುಕಿಕೊಂಡು ಹೋಗಲ್ಲ. ಕೈಗೆ ಕೊಡ್ತೀವಿ. ಯಾರಿಗೆ ಏನು ಕೊಡ್ಬೇಕು ಅಂತ ಒಂದು ಪಟ್ಟಿ. ಅದನ್ನ ಓದಿ ಹಂಚೋನಿಗೆ ಕಂಟೇನರ್ ಅಂತಾರೆ."

"ಅಯ್ಯೋ, ಇದೇನು ಮಹಾ!" ಅಂದೆ ನಾನು. "ಇಷ್ಟು ವರ್ಷ ನಾನೇ ಕಂಟೇನರ್ ಆಗಿದ್ದೆನಲ್ಲೇ!"

ಅವಳು ನಕ್ಕು ನಕ್ಕು ಲೋಟ ಕೆಳಗಿಟ್ಟಳು.

ಇನ್ನು ತಪ್ಪಿನ ವಿಷಯ. ಅದು ಅವಳದೇ ತಪ್ಪು, ಮುಚ್ಚಿಡುವುದೇನಿಲ್ಲ. ತನ್ನ ಮೇಜಿನಲ್ಲಿ ಪ್ರೋಗ್ರಾಮು ಓಡಿಸಿ ನೋಡುವಾಗ ನಿಜವಾದ ರೋಗಿಗಳಿಗೆ ಸಂದೇಶ ಹೋಗಬಾರದಲ್ಲ. ಅದಕ್ಕೆಂದು ಅವರು ಒಬ್ಬ ಸುಳ್ಳು ಅಂಚೆಯವನನ್ನು ಇಟ್ಟುಕೊಂಡಿರುತ್ತಾರೆ. ಏನು ಕೊಟ್ಟರೂ "ಕಳಿಸಿದೆ" ಅನ್ನುತ್ತಾನೆ, ಕಳಿಸುವುದಿಲ್ಲ. ಅವಳು ಪಟ್ಟಿಯಲ್ಲಿ ನಿಜದ ಅಂಚೆಯವನನ್ನು ತೆಗೆದು ಈ ಸುಳ್ಳನನ್ನು ಬರೆದು ಕೆಲಸ ಮಾಡಿದಳು. ತಿರುಗಿ ಬದಲಾಯಿಸುವುದನ್ನು ಮರೆತಳು. ಮಂಗಳವಾರ ಹೊಸ ಪ್ರೋಗ್ರಾಮಿನ ಜೊತೆ ಆ ಪಟ್ಟಿಯೇ ಆಸ್ಪತ್ರೆಗೆ ಹೋಯಿತು. ಕಳಿಸುವ ಮುಂಚೆ ಟೆಸ್ಟುಗಳನ್ನು ಓಡಿಸಿದ್ದರು, ಎಲ್ಲ ಹಸಿರು, ಅಂದರೆ ಪಾಸು. ಒಂದೊಂದು ಭಾಗವನ್ನು ಬೇರೆ ಬೇರೆ ಕೂರಿಸಿ, ಕೈಗೆ ಬೇಕಾದ್ದನ್ನು ಟೆಸ್ಟೇ ಕೊಟ್ಟು ನೋಡುವ ಪದ್ಧತಿ ಅದು. ಹಾಗೆ ನೋಡಿದರೆ ಎಲ್ಲವೂ ಸರಿಯಿದ್ದವು. ಪಟ್ಟಿಯಲ್ಲಿ ಏನಿದೆ ಎಂದು ಮಾತ್ರ ಯಾವ ಟೆಸ್ಟೂ ನೋಡಿರಲಿಲ್ಲ.

ಮೂರು ದಿನ ಒಂದು ಸಂದೇಶವೂ ಹೋಗಲಿಲ್ಲ. ಒಬ್ಬ ಮುದುಕರಿಗೆ ಬುಧವಾರ ಮಧ್ಯಾಹ್ನದ ಸರದಿ ಬೆಳಿಗ್ಗೆಗೆ ಬಂದದ್ದು ತಿಳಿಯಲಿಲ್ಲ. ಅವರು ಮಧ್ಯಾಹ್ನ ಹೋದಾಗ ಯಂತ್ರದಲ್ಲಿ ಬೇರೆಯವರಿದ್ದರು. ಡಯಾಲಿಸಿಸ್ ಒಂದು ದಿನ ತಡವಾಯಿತು. ಗುರುವಾರ ಆಸ್ಪತ್ರೆಯವರು ಫೋನು ಮಾಡಿ ಮೇಡಮ್ಮಿನ ಬೆವರಿಳಿಸಿದರು. ಪಟ್ಟಿಯನ್ನು ಆಗಲೇ ತಿದ್ದಿ ಕಳಿಸಿದ್ದಾಯಿತು.

ಮೇಡಂ ಕೂಗಾಡಲಿಲ್ಲವಂತೆ. ಅದೇ ಹೆಚ್ಚು ಹೆದರಿಕೆಯಾಯಿತು ಎಂದಳು ಸೊಸೆ. ಬರೀ ಇಷ್ಟು ಅಂದರಂತೆ: "ಸೋಮವಾರ ಮುಂದಿನ ಪ್ರೋಗ್ರಾಮು ಹೋಗ್ಬೇಕು. ಅಷ್ಟರೊಳಗೆ, ಇದು ಇನ್ನೊಂದು ಸಲ ಆಗಲ್ಲ ಅಂತ ನನಗೆ ತೋರಿಸು."

"ಇನ್ಮೇಲೆ ಜಾಗ್ರತೆಯಾಗಿ ಇರ್ತೀನಿ ಮೇಡಂ."

"ಜಾಗ್ರತೆ ಅನ್ನೋದು ಕಣ್ಣಿಗೆ ಕಾಣೋ ಸಾಮಾನಲ್ಲ. ನಾನು ತೋರಿಸು ಅಂದೆ. ಆಗಲ್ಲ ಅಂದ್ರೆ ಹೇಳು, ಬಾಗಿಲ ಹತ್ರ ಕುರ್ಚಿ ಖಾಲಿ ಇದೆ."

ಹೆಡ್‌ಮಾಸ್ಟರ್ ಪಕ್ಕದಲ್ಲೇ ಇದ್ದರು. ಅವರು ಹೇಳಿದ್ದರಲ್ಲೂ ಸತ್ಯವಿತ್ತು. ಆ ಪಟ್ಟಿ ಇರುವುದು ಫ್ರೇಮ್‌ವರ್ಕ್ ಎನ್ನುವ ದೊಡ್ಡ ಚೌಕಟ್ಟಿನೊಳಗೆ. ಅದನ್ನು ಪೂರ್ತಿ ಎಬ್ಬಿಸಬೇಕೆಂದರೆ ಆಸ್ಪತ್ರೆಯ ಕಂಪ್ಯೂಟರಿಗೆ ಲೈನು ಬೇಕು, ರೋಗಿಗಳ ದಾಖಲೆ ಬೇಕು, ಅರ್ಧ ದಿನ ಬೇಕು, ಮೇಲೆ ನಿಜವಾದ ಸಂದೇಶಗಳು ಹೊರಟುಬಿಡುವ ಭಯ. ಹಾಗಾಗಿ ಯಾರೂ ಆ ಗೋಜಿಗೆ ಹೋಗುತ್ತಿರಲಿಲ್ಲ. ಚೌಕಟ್ಟು ಬಿಟ್ಟು ಪಟ್ಟಿಯೊಂದನ್ನೇ ಪರೀಕ್ಷೆ ಮಾಡ್ತೀನಿ ಎಂದಳು ಸೊಸೆ.

"ಫ್ರೇಮ್‌ವರ್ಕ್ ಇಲ್ಲದೆ ಪಟ್ಟಿ ಪರೀಕ್ಷೆ ಮಾಡ್ತೀಯಾ?" ಅಂದರು ಹೆಡ್‌ಮಾಸ್ಟರ್. "ಅಡುಗೆಮನೆ ಇಲ್ಲದೆ ಅಡುಗೆ ಮಾಡ್ದಂಗೆ ಆಯ್ತು."

"ಅಡುಗೆ ಮಾಡಲ್ಲ ಸಾರ್. ಉಪ್ಪಿನ ಡಬ್ಬೀಲಿ ಉಪ್ಪೇ ಇದೆಯಾ ಅಂತ ನೋಡ್ತೀನಿ, ಅಷ್ಟೇ."

ಅಂದಳೇನೋ ಸರಿ. ಹೇಗೆ ಎನ್ನುವುದು ಆಗ ಅವಳಿಗೂ ಗೊತ್ತಿರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದವಳು ಚೀಲ ಕೆಳಗಿಡಲಿಲ್ಲ. "ಅತ್ತೆ, ಆ ಮುದುಕರ ಮನೆ ಗೊತ್ತು ಮಾಡ್ಕೊಂಡಿದೀನಿ. ನನ್ಜೊತೆ ಬರ್ತೀರಾ?" ಎಂದು ಕೇಳಿದಳು. ಹೋದೆವು. ಅವರು ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆ ಮುಚ್ಚಿತ್ತು. ಅವರು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು. ಅವಳು ಕೂರುವ ಮುಂಚೆಯೇ ಹೇಳಿಬಿಟ್ಟಳು, "ಅಜ್ಜ, ನಿಮಗೆ ಸಂದೇಶ ಬರದೇ ಇದ್ದಿದ್ದು ನನ್ನ ತಪ್ಪಿನಿಂದ."

ಅವರು ಪೂರ್ತಿ ಕೇಳಿ, ಕನ್ನಡಕದ ಮೇಲಿನಿಂದ ನೋಡಿದರು. "ಅಂದ್ರೆ ನಿಮ್ಮ ಕಂಪ್ಯೂಟರು ಹೇಳಿದೀನಿ ಅಂತು. ಹೇಳಿರಲಿಲ್ಲ."

"ಹೂಂ ಅಜ್ಜ."

"ನಮ್ಮನೆಯವಳೂ ಹಾಗೇ. ಹೇಳಿದೀನಿ ಅಂತಾಳೆ, ಹೇಳಿರೋದೇ ಇಲ್ಲ."

ಒಳಗಿಂದ ದನಿ ಬಂತು: "ನಾನು ಹೇಳಿದ್ದೆ! ನಿಮ್ಮ ಕಿವಿ ಮನೇಲಿರ್ಲಿಲ್ಲ!"

ನಾವು ಮೂವರೂ ನಕ್ಕೆವು. ಆಮೇಲೆ ಅವರು ಪಾದ ತೋರಿಸಿ, "ಇಲ್ಲಿ ಒತ್ತಿ ನೋಡಮ್ಮ" ಅಂದರು. ಇವಳು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಇತ್ತು. "ನಿನ್ನೆ ಮೊಣಕಾಲ ತನಕ ಇತ್ತು. ಇವತ್ತು ಮಷೀನಿಗೆ ಹಾಕಿದ ಮೇಲೆ ಇಳೀತಾ ಇದೆ" ಎಂದರು, ಯಾರದೋ ಕಾಲಿನ ವಿಷಯ ಹೇಳುವ ಹಾಗೆ.

ಬಸ್ ಸ್ಟಾಪಿನಲ್ಲಿ ನಿಂತಾಗ ಹೆಬ್ಬೆರಳನ್ನು ನೋಡಿಕೊಳ್ಳುತ್ತ, "ಮೇಡಂ ಹೇಳಿದ್ದು ಸರಿ ಅತ್ತೆ. ಜಾಗ್ರತೆ ಸಾಲಲ್ಲ. ನಾನು ಮರೆತರೂ ಆಗಬಾರದು, ಹಾಗೆ ಮಾಡ್ಬೇಕು" ಅಂದಳು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜನ್ನು ಅವಳಿಗೆ ಬಿಟ್ಟುಕೊಟ್ಟೆವು. ನನ್ನ ಮಗ ಸಿಟಿ ಬಸ್ಸಿನ ಡ್ರೈವರ್, ಅವನದು ಬೆಳಗಿನ ಪಾಳಿ. ತರಕಾರಿಯನ್ನು ನಾನು ಹಜಾರದಲ್ಲಿ ನೆಲದ ಮೇಲೆ ಕೂತು ಹೆಚ್ಚಿದೆ. ಅವಳು ಮಾಡಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗೆ. ಹಂಚುವವನನ್ನು, ಅದೇ ಕಂಟೇನರ್ ಅಂತಾರಲ್ಲ, ಚೌಕಟ್ಟಿನಿಂದ ಬಿಡಿಸಿ ಒಬ್ಬನನ್ನೇ ಹೊರಗೆ ತಂದು ಕೂರಿಸಿದಳು. ಆಸ್ಪತ್ರೆಗೆ ಹೋಗುವ ಪಟ್ಟಿಯನ್ನೇ, ನಕಲನ್ನಲ್ಲ, ಅವನ ಮುಂದಿಟ್ಟಳು. ಅವನು ಒಂದೊಂದಾಗಿ ತಕರಾರು ತೆಗೆಯುತ್ತ ಹೋದ. ದಾಖಲೆ ಎಲ್ಲಿದೆ ತಿಳಿಯದು, ಯಾವ ಊರಿನ ಹೊತ್ತು ತಿಳಿಯದು, ಫೈಲು ಇಡುವ ಜಾಗ ತಿಳಿಯದು. ಚೌಕಟ್ಟಿನೊಳಗಿದ್ದಾಗ ಇದೆಲ್ಲ ಅವನಿಗೆ ತಾನಾಗಿ ಸಿಗುತ್ತಿತ್ತು. ಈಗ ಇವಳು ಕೈಯಾರೆ ಕೊಡಬೇಕು. ಒಂದೊಂದು ತಕರಾರಿಗೂ ಒಂದು ಚೀಟಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದಳು. ಹನ್ನೊಂದು ಚೀಟಿಯಾದವು. ಊಟದ ಹೊತ್ತಿಗೆ ಎರಡು ಉಳಿದಿದ್ದವು, ಮೂರು ಗಂಟೆಗೆ ಒಂದೂ ಇರಲಿಲ್ಲ.

"ಹಸಿರು!" ಎಂದು ಕೂಗಿದಳು. ರಾತ್ರಿಯ ತರಕಾರಿ ಹೆಚ್ಚುತ್ತಿದ್ದ ನಾನು ಚಾಕು ಬಿಟ್ಟು ಎದ್ದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಹಾಗಲ್ಲ, ತಾನು ಮಂಗಳವಾರ ಮಾಡಿದ ತಪ್ಪನ್ನೇ ಬೇಕೆಂದು ಇನ್ನೊಮ್ಮೆ ಮಾಡಿದಳು. ಪಟ್ಟಿಯಲ್ಲಿ ಸುಳ್ಳು ಅಂಚೆಯವನನ್ನು ಬರೆದು ಟೆಸ್ಟು ಓಡಿಸಿದಳು.

ಆಗಲೂ ಹಸಿರೇ ಬಂತು.

"ಕಳ್ಳನನ್ನ ಒಳಗೆ ಬಿಟ್ಟು ನೋಡಿದೆ ಅತ್ತೆ," ಅಂದಳು, ಮುಖ ಸಣ್ಣದಾಗಿತ್ತು. "ನಾಯಿ ಬೊಗಳಲೇ ಇಲ್ಲ."

ಕಾರಣ ಸಿಗಲು ಹೆಚ್ಚು ಹೊತ್ತಾಗಲಿಲ್ಲ. ಅವಳ ಟೆಸ್ಟು ಕೇಳುತ್ತಿದ್ದದ್ದು "ಕೈಯಲ್ಲಿ ಏನಾದರೂ ಇದೆಯಾ" ಎಂದು. ಇದೆ ಎಂದು ಉತ್ತರ ಬರುತ್ತಿತ್ತು. ಕೇಳಬೇಕಾದ್ದು "ಏನಿದೆ" ಎಂದು. ಅದನ್ನು ಕೇಳಲು ಹೋದರೆ ಹಂಚುವವನು ಅಂಥ ಸಾಮಾನೇ ನನ್ನಲ್ಲಿಲ್ಲ ಎಂದುಬಿಟ್ಟ. ಪಟ್ಟಿಯನ್ನು ಓದಿ ಮುಗಿಸಿ ಮೊಹರು ಮಾಡಿದ ಮೇಲೆ ಒಳಗಿನ ಸಾಮಾನುಗಳನ್ನು ಅವನು ಹೊರಗಿನವರಿಗೆ ತೋರಿಸುವುದಿಲ್ಲವಂತೆ. ಒಬ್ಬರಿಗೊಬ್ಬರು ಒಳಗೊಳಗೇ ಕೊಟ್ಟುಕೊಳ್ಳುತ್ತಾರೆ. ಸಂಜೆಯ ತನಕ ಅವಳು ಅದರೊಡನೆ ಗುದ್ದಾಡಿದಳು. ಮಗ ಪಾಳಿ ಮುಗಿಸಿ ಬಂದು ಇಣುಕಿ ನೋಡಿ, "ಏನೇ, ಕಂಪ್ಯೂಟರ್ ಜೊತೆ ಜಗಳಾನಾ? ನನ್ಜೊತೆ ಆಡು, ನಾನಾದ್ರೆ ಸೋಲ್ತೀನಿ" ಅಂದ. ಅವಳು ತಲೆಯೆತ್ತಲಿಲ್ಲ. ಅವನು ತುದಿಗಾಲಲ್ಲಿ ಹಿಂದೆ ಸರಿದ.

ಭಾನುವಾರ ಬೆಳಿಗ್ಗೆ ಟೀ ಲೋಟ ಹಿಡಿದು ಕಪಾಟಿನ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಸಮಾಧಾನ ಹೇಳೋಣವೆಂದು ನಾನು ನನ್ನ ಹಳೆಯ ಕಥೆ ತೆಗೆದೆ.

ನಮ್ಮ ಕೋಣೆಯಲ್ಲಿ ಹೊಸ ಸಿಸ್ಟರುಗಳಿಗೆ ಕಲಿಸಲು ಒಂದು ಅಭ್ಯಾಸದ ಟ್ರೇ ಇತ್ತು. ಅದರಲ್ಲಿ ಎಲ್ಲವೂ ಇದ್ದವು, ಆದರೆ ಮೊಂಡು. ಒಂದು ದಿನ ನಾನು ಅವಸರದಲ್ಲಿ ಅದನ್ನೇ ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಟಿ ಹಚ್ಚಿ, ಕ್ರಿಮಿ ಕೊಲ್ಲುವ ಆವಿಯ ಪೆಟ್ಟಿಗೆಗೆ ಹಾಕಿಬಿಟ್ಟೆ. ಎಣಿಕೆ ಸರಿ, ಚೀಟಿ ಸರಿ. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರು ಕೈ ಚಾಚಿದರು, ಕತ್ತರಿ ಬಂತು, ಕತ್ತರಿಸಲಿಲ್ಲ. ಬೇರೆ ಟ್ರೇ ತಂದರು, ರೋಗಿಗೇನೂ ಆಗಲಿಲ್ಲ. ಹಿರಿಯ ಸಿಸ್ಟರ್ ನನ್ನನ್ನು ಕರೆದು, "ಆಯಮ್ಮಾ, ಎಣಿಸೋದು ಯಾರಿಗೆ ಬೇಕು, ಮುಟ್ಟಿ ನೋಡು" ಅಂದರು. ನನ್ನ ಕಿವಿಯಲ್ಲಿ ಆ ಮಾತು ಇನ್ನೂ ಇದೆ.

"ಆಮೇಲೆ ಏನ್ಮಾಡಿದ್ರಿ?" ಅಂದಳು ಸೊಸೆ.

"ಏನ್ಮಾಡೋದು, ಒಂದೊಂದು ಕತ್ತರೀಲೂ ಒಂದೆಳೆ ದಾರ ಕತ್ತರಿಸಿ ನೋಡಿ ಇಡ್ತಿದ್ದೆ."

"ಗಂಟು ಕಟ್ಟಿದ ಮೇಲೆ ಹೇಗೆ ನೋಡ್ತಿದ್ರಿ?"

"ಕಟ್ಟಿದ ಮೇಲೆ ಯಾರಾದ್ರೂ ನೋಡ್ತಾರೇನೇ? ಬಿಚ್ಚಿದ್ರೆ ಕೆಟ್ಟೋಗುತ್ತೆ. ಕಟ್ಟೋ ಮುಂಚೆ ನೋಡ್ಬೇಕು."

ಅವಳು ಲೋಟವನ್ನು ಹಾಗೇ ಬಿಟ್ಟು ಎದ್ದಳು. ಟೀ ಮೇಲೆ ಕೆನೆ ಕಟ್ಟಿತು. ನಾನು ಹೇಳದಿದ್ದರೂ ಅವಳಿಗೆ ಹೊಳೆಯುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಹಂಚುವವನು ಪಟ್ಟಿ ಓದಿದ ಮೇಲೆ, ಮೊಹರು ಹಾಕುವ ಮೊದಲು, ನಡುವೆ ಒಂದು ಹೆಜ್ಜೆ ಸೇರಿಸಿದಳು. ಟೆಸ್ಟಿನಲ್ಲಿ ಮಾತ್ರ, ನಾವು ಹೆಸರಿಸಿದ ಒಳಗಿನ ಸಾಮಾನುಗಳನ್ನು ತೋರಿಸು ಎಂದು ಅವನಿಗೆ ಅಪ್ಪಣೆ. ಆಸ್ಪತ್ರೆಗೆ ಹೋಗುವುದರಲ್ಲಿ ಮೊಹರು ಮೊಹರಿನ ಹಾಗೇ ಇರುತ್ತದೆ. ಆಮೇಲೆ ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಕರೆದು ಕೇಳಿದಳು: ನಿನ್ನ ಕೈಯಲ್ಲಿರುವವನು ಯಾರು?

ಹನ್ನೊಂದು ಗಂಟೆಗೆ ಕಳ್ಳನನ್ನು ಇನ್ನೊಮ್ಮೆ ಒಳಗೆ ಬಿಟ್ಟಳು. ಈ ಸಲ ಕೆಂಪು ಬಂತು. 'ಸಂದೇಶ ಕಳಿಸುವ ಜಾಗದಲ್ಲಿ ಸುಳ್ಳು ಅಂಚೆಯವನಿದ್ದಾನೆ' ಎಂದು ಅದು ಬರೆದದ್ದನ್ನು ನನಗೆ ಓದಿ ಹೇಳಿದಳು. ಎಲ್ಲ ಸೇರಿ ಎರಡು ಸೆಕೆಂಡಿನ ಕೆಲಸ. ಆಸ್ಪತ್ರೆಯ ಲೈನು ಬೇಡ, ಯಾರಿಗೂ ಸಂದೇಶ ಹೋಗುವುದಿಲ್ಲ.

"ನನ್ನ ಬಸ್ಸಿಗೂ ಒಂದು ಮಾಡಿಕೊಡೇ," ಅಂದ ಮಗ, "ಬ್ರೇಕ್ ಇರೋ ಜಾಗದಲ್ಲಿ ಬ್ರೇಕೇ ಇದೆಯಾ ಅಂತ."

"ಡ್ರೈವರ್ ಸೀಟಲ್ಲಿ ಡ್ರೈವರೇ ಇದಾನಾ ಅಂತ ಮೊದಲು ನೋಡ್ಬೇಕು" ಅಂದಳು. ಮೂರು ದಿನದ ಮೇಲೆ ಅವಳ ಬಾಯಲ್ಲಿ ತಮಾಷೆ ಬಂದದ್ದು ಆಗಲೇ.

ಸೋಮವಾರ ಅವಳು ಊಟದ ಡಬ್ಬಿ ಮರೆತು ಹೋದಳು. ನಾನೇ ತೆಗೆದುಕೊಂಡು ಹೋದೆ. ಏಳನೇ ಮೆಟ್ಟಿಲಲ್ಲಿ ಎಡವಿದೆ. ಮೇಲಿನಿಂದ ಯಾರೋ, "ಹೊಸಬರು ಬಂದ್ರು" ಅಂದರು. ಒಳಗೆ ಹೋದರೆ ಎಲ್ಲರೂ ಕಿಟಕಿ ಪಕ್ಕದ ಮೇಜಿನ ಸುತ್ತ ನಿಂತಿದ್ದಾರೆ. ಮೇಡಂ ನನ್ನನ್ನು ಕಂಡು ಬಾಗಿಲ ಪಕ್ಕದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಅಮ್ಮಾ, ಒಂದು ನಿಮಿಷ" ಅಂದರು. ಅದೇ ಕುರ್ಚಿ. ನಾನು ಕೂರಲಿಲ್ಲ, ಡಬ್ಬಿ ಹಿಡಿದು ನಿಂತೆ.

"ಹಸಿರು ಬಂದ್ರೆ ನಾನು ನಂಬಿಬಿಡ್ಬೇಕಾ?" ಎಂದರು ಮೇಡಂ. "ಹೋದ ವಾರಾನೂ ಹಸಿರೇ ಬಂದಿತ್ತು."

"ನಂಬಬೇಡಿ ಮೇಡಂ," ಅಂದಳು ಸೊಸೆ. "ಸಾರ್, ಇವತ್ತು ಆಸ್ಪತ್ರೆಗೆ ಹೋಗೋ ಪಟ್ಟಿ ನಿಮ್ಮ ಹತ್ರ ಇದೆ. ಅದರಲ್ಲಿ ನಿಮಗೆ ಬೇಕಾದ್ದು ಕೆಡಿಸಿ. ನಾನು ಆಚೆ ಹೋಗಿರ್ತೀನಿ. ನನ್ನ ಟೆಸ್ಟು ಹಿಡೀದೇ ಇದ್ರೆ, ನಾನೇ ಹೋಗಿ ಆ ಕುರ್ಚೀಲಿ ಕೂರ್ತೀನಿ."

ಮೆಟ್ಟಿಲ ಹತ್ತಿರ ಬಂದು ನನ್ನ ಪಕ್ಕದಲ್ಲಿ ನಿಂತಳು. ಡಬ್ಬಿ ತೆಗೆದುಕೊಳ್ಳಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಿದ್ದಳು.

ಹೆಡ್‌ಮಾಸ್ಟರ್ ಕೂತು ಏನೇನೋ ಬರೆದರು, ಮೇಡಮ್ಮಿನ ಕಿವಿಯಲ್ಲಿ ಹೇಳಿದರು, ಆಮೇಲೆ ಇವಳನ್ನು ಕರೆದರು. ಅವಳು ಬಂದು ಒಂದು ಗುಂಡಿ ಒತ್ತಿದಳು. ನಾನಿದ್ದಲ್ಲಿಂದಲೂ ಕೆಂಪು ಕಂಡಿತು.

"ಮೂರು," ಅಂದಳು.

"ಎರಡು," ಅಂದರು ಹೆಡ್‌ಮಾಸ್ಟರ್. ತಿದ್ದುವ ದನಿಯಲ್ಲೇ. "ನಾನು ಕೆಡಿಸಿದ್ದು ಎರಡು. ನಿನ್ನ ಟೆಸ್ಟಿಗೆ ಎಣಿಕೆ ಬರಲ್ಲ."

"ಮೂರಿದೆ ಸಾರ್. ಕಳಿಸೋನ ಜಾಗದಲ್ಲಿ ಸುಳ್ಳು ಅಂಚೆಯವನು, ಒಂದು. ದಾಖಲೆ ಓದೋನ ಕೈಗೆ ಖಾಲಿ ದಾಖಲೆ, ಎರಡು. ಮೂರನೇದು, ಸರದಿ ಲೆಕ್ಕ ಹಾಕೋನ ಕೈಗೆ ನಿಂತ ಗಡಿಯಾರ ಕೊಟ್ಟಿದೆ. ಪರೀಕ್ಷೆಗೆ ಅಂತ ನಾವು ಇಟ್ಕೊಂಡಿರೋ ಗಡಿಯಾರ, ಅದು ಒಂದೇ ದಿನಾಂಕ ಹೇಳ್ತಾ ಇರುತ್ತೆ."

ಹೆಡ್‌ಮಾಸ್ಟರ್ ಬಗ್ಗಿ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು.

"ಅದು ನಾನು ಈಗ ಕೆಡಿಸಿದ್ದಲ್ಲ," ಅಂದರು ಕೊನೆಗೆ. "ಬೆಳಿಗ್ಗೆ ಓಡಿಸಿ ನೋಡಕ್ಕೆ ಹಾಕ್ಕೊಂಡಿದ್ದೆ. ತೆಗೆಯೋದು ಮರೆತಿದೀನಿ."

ಕೆಳಗಿನ ಅಂಗಡಿಯಲ್ಲಿ ಯಾರೋ ಅಕ್ಷರಗಳನ್ನು ದೂರದಿಂದ ಓದುತ್ತಿದ್ದದ್ದು ಕೇಳುತ್ತಿತ್ತು. ಆ ಗಡಿಯಾರ ಇವತ್ತು ಆಸ್ಪತ್ರೆಗೆ ಹೋಗಿದ್ದರೆ ಎಲ್ಲರ ಸರದಿಯೂ ಒಂದೇ ದಿನಕ್ಕೆ ನಿಲ್ಲುತ್ತಿತ್ತು. ಅದನ್ನು ನನಗೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಲ್ಕು ವರ್ಷ ಕೇಳಿದ ಗೇಲಿಯನ್ನೆಲ್ಲ ತಿರುಗಿಸಿ ಆಡುವ ಅವಕಾಶ ಸೊಸೆಗೆ ಆಗ ಇತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವಳು, "ಸರಿ ಮಾಡ್ಬಿಡಿ ಸಾರ್, ಇನ್ನೊಂದು ಸಲ ಓಡಿಸ್ತೀನಿ" ಎಂದಷ್ಟೇ ಅಂದಳು.

ಅವರು ಸರಿ ಮಾಡುತ್ತಿರುವಾಗಲೇ ನನ್ನ ಪಕ್ಕದ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಎಲ್ಲರೂ ತಿರುಗಿದರು. ಹಳೆಯ ಅಭ್ಯಾಸ, ಸೊಸೆ ಅರ್ಧ ಎದ್ದಳು.

"ನೀನು ಕೂತ್ಕೋ," ಅಂದರು ಮೇಡಂ. ಅವರೇ ನಡೆದು ಬಂದು ಫೋನು ಎತ್ತಿದರು. ಆಸ್ಪತ್ರೆಯವರು, ಹೊಸದು ಯಾವಾಗ ಬರುತ್ತೆ ಎಂದು ಕೇಳುತ್ತಿದ್ದರು. "ನಮ್ಮಲ್ಲಿ ಒಂದು ಪರೀಕ್ಷೆ ನಡೀತಾ ಇದೆ. ಅದು ಹಸಿರಾಗದೆ ಇನ್ಮೇಲೆ ಇಲ್ಲಿಂದ ಏನೂ ಹೊರಡಲ್ಲ. ಕಾಯಿರಿ" ಅಂದರು ಮೇಡಂ. ಕೆಳಗಿನ ಅಂಗಡಿಗೂ ಕೇಳಿರಬೇಕು.

ಹಸಿರು ಬಂದ ಮೇಲೆಯೇ ಅವಳು ಡಬ್ಬಿ ತೆರೆದದ್ದು. ಊಟ ತಣ್ಣಗಾಗಿತ್ತು. ಅರ್ಧವನ್ನು ಮುಚ್ಚಳದಲ್ಲಿ ಹಾಕಿ ಹೆಡ್‌ಮಾಸ್ಟರಿಗೆ ಕೊಟ್ಟಳು, ಅವರು ಏನನ್ನೂ ತಿದ್ದದೆ ತಿಂದರು.